ಸಂಗೊಳ್ಳಿಯಿಂದ ಯಾವ ಕಾಲೇಜಿಗೆ?

1981ರಲ್ಲಿ ನಾನು ಪಿಯುಸಿ ಪಾಸಾದಾಗ ಸಂಗೊಳ್ಳಿಯವರಿಗೆ ವಿಶ್ವವಿದ್ಯಾಲಯ ಅಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಬೈಲಹೊಂಗಲದಲ್ಲಿ ಬಿ.ಎ. ಓದಿದವನಿಗೂ, ಹುಬ್ಬಳ್ಳಿಯ ಬಿ.ವಿ.ಬಿ.ಯಲ್ಲಿ ಎಂಜಿನಿಯರಿಂಗ್ ಓದಿದವನಿಗೂ, ಬೆಳಗಾವಿಯ ಜೆ.ಎನ್. ಮೆಡಿಕಲ್ ಕಾಲೇಜಿನಿಂದ ಡಾಕ್ಟರಾಗಿ ಬಂದವನಿಗೂ ಪದವಿ ಕೊಡುತ್ತಿದ್ದದ್ದು ಅದೊಂದೇ. ಕೃಷಿ ಮಾತ್ರ ಹೊರತು. ಧಾರವಾಡದ ಕೃಷಿ ಕಾಲೇಜು 1947ರಷ್ಟು ಹಳೆಯದಾದರೂ ಆಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಧಾರವಾಡಕ್ಕೆ ತನ್ನದೇ ಕೃಷಿ ವಿಶ್ವವಿದ್ಯಾಲಯ ಬಂದದ್ದು 1986ರಲ್ಲಿ.

ಯಾವ ಕೋರ್ಸು ಮೇಲು, ಯಾವುದಕ್ಕೆ ಏನು ಬೇಕು ಎಂದು ಹೋಲಿಸಿ ನೋಡುವ ಕೆಲಸ ನಮಗಿರಲಿಲ್ಲ. ಅಂಕಪಟ್ಟಿ ಹಿಡಿದು ಹೋಗುವುದು, ಫಾರ್ಮ್ ತುಂಬುವುದು, ನೋಟಿಸ್ ಬೋರ್ಡಿನಲ್ಲಿ ಹೆಸರು ಬಂತೇ ನೋಡುವುದು, ಇಷ್ಟೇ. ಹೆಸರು ಬಂದರೂ ಹಾಸ್ಟೆಲ್ ಖರ್ಚು ಮನೆಯಲ್ಲಿ ಹೊಂದದಿದ್ದರೆ ಅಲ್ಲಿಗೆ ಮುಗಿಯಿತು. ನನ್ನ ಜತೆ ಓದಿದ ಹುಡುಗಿಯರಲ್ಲಿ ಹೆಚ್ಚಿನವರು ಆ ಫಾರ್ಮಿನವರೆಗೂ ಹೋಗಲಿಲ್ಲ. ಆ ಕಾಲ ಸರಳವಾಗಿತ್ತು ಎಂದು ಹೊಗಳುವುದನ್ನು ನಾನು ಒಪ್ಪುವುದಿಲ್ಲ. ಬಾಗಿಲಿನ ಹತ್ತಿರ ಬರುವವರೇ ಕಡಿಮೆಯಿದ್ದರು, ಅದಕ್ಕೆ ಗದ್ದಲ ಕಾಣಲಿಲ್ಲ.

ಆಮೇಲೆ ಆ ಒಂದೇ ವಿಶ್ವವಿದ್ಯಾಲಯ ಹಲವಾಗಿ ಒಡೆಯಿತು. ವೈದ್ಯಕೀಯ ಕಾಲೇಜುಗಳು 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ, ಎಂಜಿನಿಯರಿಂಗ್ 1998ರಲ್ಲಿ ಬೆಳಗಾವಿಯ ವಿಟಿಯುಗೆ, ಕಾನೂನು 2009ರಲ್ಲಿ ಹುಬ್ಬಳ್ಳಿಗೆ ಹೋದವು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆದಮೇಲೆ ಬೈಲಹೊಂಗಲದ ಬಿ.ಎ. ಕೂಡ ಧಾರವಾಡದ್ದಲ್ಲ. ಎಂಜಿನಿಯರಿಂಗಿಗೂ ಕೃಷಿಗೂ ಸಿಇಟಿ, ಮೆಡಿಕಲ್‌ಗೆ ನೀಟ್. ಪದವಿ ಕೋರ್ಸಿಗೆ 2021ರಲ್ಲಿ ಸೇರಿದವರಿಗೆ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆ, 2024ರಲ್ಲಿ ಸೇರಿದವರಿಗೆ ಮತ್ತೆ ಮೂರು ವರ್ಷ. ಒಂದೇ ಮನೆಯ ಅಕ್ಕ ತಮ್ಮನಿಗೆ ಬೇರೆ ಬೇರೆ ಲೆಕ್ಕ.

ನನ್ನ ತಮ್ಮನ ಮೊಮ್ಮಗಳು ಹತ್ತನೇತ್ತೆ ಮುಗಿಸಿದಾಗ ಮನೆಯಲ್ಲಿ ಇದೇ ಚರ್ಚೆ. ಪಿಯುಸಿ ಸೈನ್ಸ್ ಎಂಬುದು ಖಚಿತವಾಗಿತ್ತು.

"ಅಜ್ಜಾ, ಬಯಾಲಜಿ ಬಿಟ್ಟು ಕಂಪ್ಯೂಟರ್ ತಗೊಂಡ್ರ ಅಗ್ರಿಗೆ ಬರಂಗಿಲ್ಲೇನು?"

"ಬರಂಗಿಲ್ಲವಾ. ಅಗ್ರಿನೂ ಹೋತು, ವೆಟರ್ನರಿನೂ ಹೋತು. ಬಯಾಲಜಿ ಇಟ್ಕೊಂಡ್ರ ಎಂಜಿನಿಯರಿಂಗ್ ಎಲ್ಲೂ ಹೋಗೂದಿಲ್ಲ. ಅದಕ್ಕ ಫಿಜಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸ್ ಇದ್ರ ಸಾಕು."

ಹದಿನಾರು ವರ್ಷದ ಮಗು ಹಾಕುವ ಒಂದು ಟಿಕ್ಕಿಗೆ ಇಷ್ಟು ತೂಕವಿದೆ ಎಂದು ಹೈಸ್ಕೂಲಿನಲ್ಲಿ ಯಾರಾದರೂ ಹೇಳಬೇಕು. ಎಷ್ಟೋ ಕಡೆ ಹೇಳುವುದಿಲ್ಲ.

ಅದಕ್ಕಿಂತಲೂ ನನ್ನನ್ನು ಕಾಡುವುದು ಇನ್ನೂ ಮೊದಲೇ ತೀರ್ಮಾನವಾಗಿಬಿಡುವ ಸಂಗತಿ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಎರಡಕ್ಕೂ ಒಂದರಿಂದ ಹತ್ತನೇತ್ತೆವರೆಗಿನ ಹತ್ತೂ ವರ್ಷ ಲೆಕ್ಕಕ್ಕೆ ಬರುತ್ತವೆ, ನಡುವೆ ಒಂದು ವರ್ಷ ತಪ್ಪಿದರೂ ಇಲ್ಲ. ನಮ್ಮೂರಲ್ಲಿ ನಾಲ್ಕು ಕಾಸು ಕೈಗೆ ಬಂದವರು ಮೊದಲು ಮಾಡುವ ಕೆಲಸ, ಮಗುವನ್ನು ಐದನೇತ್ತೆಗೋ ಆರನೇತ್ತೆಗೋ ಬೈಲಹೊಂಗಲದ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕುವುದು. ಬೈಲಹೊಂಗಲ ಪುರಸಭೆಯ ಊರು. ಆ ದಿನವೇ ಎರಡೂ ಮೀಸಲಾತಿ ಹೋದವು. ಮಗುವಿನ ಒಳ್ಳೆಯದಕ್ಕೆಂದೇ ಫೀ ಕಟ್ಟಿದ ತಂದೆಗೆ ಇದು ಗೊತ್ತಾಗುವುದು ಏಳೆಂಟು ವರ್ಷ ಕಳೆದು, ಸಿಇಟಿ ಅರ್ಜಿ ತುಂಬುವಾಗ. ಶಾಲೆ ಬದಲಿಸಬಾರದು ಎನ್ನುತ್ತಿಲ್ಲ. ಗೊತ್ತಿದ್ದು ಬದಲಿಸಲಿ.

ಕೃಷಿ ಪದವಿಯಲ್ಲಿ ಮಾತ್ರ ನಮ್ಮಂಥ ಊರಿನ ಮಕ್ಕಳಿಗೆ ನಿಜವಾಗಿ ಅನುಕೂಲವಾದ ಒಂದು ಏರ್ಪಾಡಿದೆ. ಸರ್ಕಾರ 2021ರಲ್ಲಿ ಕೃಷಿಕರ ಮಕ್ಕಳ ಕೋಟಾವನ್ನು ಶೇ. 40ರಿಂದ 50ಕ್ಕೆ ಏರಿಸಿತು. ಆ ಕೋಟಾಕ್ಕೆ ಸಿಇಟಿ ಜತೆಗೆ ಪ್ರಾಯೋಗಿಕ ಪರೀಕ್ಷೆಯೂ ಇದೆ: ಬೀಜ, ಬೆಳೆ, ಸಲಕರಣೆ ಮುಂದಿಟ್ಟು ಗುರುತಿಸು ಎನ್ನುತ್ತಾರೆ, ರ್‍ಯಾಂಕಿನಲ್ಲಿ ಅದರ ಅಂಕಕ್ಕೂ ಪಾಲಿದೆ. ಮಲಪ್ರಭೆ ದಂಡೆಯ ಹೊಲದಲ್ಲಿ ಕೂರಿಗೆಯ ಹಿಂದೆ ನಡೆದ ಹುಡುಗಿಗೆ ಕೂರಿಗೆ, ಎಡೆಕುಂಟೆ ಬೇರೆ ಬೇರೆ ಎಂದು ಯಾವ ಕೋಚಿಂಗ್ ಸೆಂಟರೂ ಹೇಳಿಕೊಡಬೇಕಿಲ್ಲ. ನನ್ನ ಕಾಲದಲ್ಲಿ ಬಿತ್ತನೆಗೆಂದು ಶಾಲೆ ತಪ್ಪಿಸಿದರೆ ಹಾಜರಿ ಹೋಗುತ್ತಿತ್ತು, ಹೊಲದ ಅರಿವಿಗೆ ಅರ್ಧ ಅಂಕವೂ ಇರಲಿಲ್ಲ. ಇದೊಂದರಲ್ಲಿ ಇಂದಿನದು ಅಂದಿನದಕ್ಕಿಂತ ನ್ಯಾಯವಾಗಿದೆ ಎಂದು ಗಟ್ಟಿಯಾಗಿ ಹೇಳುತ್ತೇನೆ. ಆದರೆ ಮನೆಯಲ್ಲಿ ಟ್ರ್ಯಾಕ್ಟರ್ ಬಂದು ಕೂರಿಗೆ ಅಟ್ಟ ಸೇರಿದೆ, ಹೊಲದ ಕಡೆ ಹೋಗದ ಮಕ್ಕಳೂ ಹೆಚ್ಚಿದ್ದಾರೆ. ಅವರಿಗೆ ಈ ಪರೀಕ್ಷೆಗೂ ಪುಸ್ತಕವೇ ಗತಿ.

ನಮ್ಮ ಹುಡುಗಿ ಬಯಾಲಜಿ ಇಟ್ಟುಕೊಂಡಿದ್ದಾಳೆ. ಹತ್ತೂ ವರ್ಷ ಸಂಗೊಳ್ಳಿಯಲ್ಲೇ, ಕನ್ನಡದಲ್ಲೇ ಓದಿದವಳು. ಅವಳ ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಹೆಡ್‌ಮಾಸ್ಟರ ಸಹಿಯಾಗಿದೆ. ಬೈಲಹೊಂಗಲಕ್ಕೆ ಹೋಗಿ ಬಿಇಒ ಸಹಿ ಮಾಡಿಸಬೇಕು, ತಹಶೀಲ್ದಾರ ಕಚೇರಿಯ ಕಾಗದಪತ್ರವೂ ಅದೇ ಓಡಾಟದಲ್ಲಿ ಆಗಬೇಕು.