ಎಂಟಾಣೆಯ ಅಂತರ

ಭಾದ್ರಪದ ಮುಗಿಯುವ ಹೊತ್ತಿಗೆ ಯಮಕನಮರಡಿಯ ಸುತ್ತಲಿನ ಕಬ್ಬು ಆಳೆತ್ತರ ದಾಟಿರುತ್ತದೆ. ಹೆದ್ದಾರಿಯಲ್ಲಿ ಪುಣೆಗೋ ಬೆಂಗಳೂರಿಗೋ ಓಡುವವರಿಗೆ ಅದೊಂದು ಹಸಿರು ಗೋಡೆ. ಅದರ ಗರಿ ಮೈಯನ್ನು ಹೇಗೆ ಕೊಯ್ಯುತ್ತದೆಂಬುದು ಒಳಗೆ ಹೊಕ್ಕವರಿಗೇ ಗೊತ್ತು. ಹೋದ ಮುಂಗಾರಿನಲ್ಲಿ ಬೆಳೆ ಸಮೀಕ್ಷೆಗೆ ಬಂದ ಹುಡುಗನೊಬ್ಬ ನಮ್ಮ ಕಾಕಾನ ಹೊಲದ ಬದುವಿನ ಮೇಲೆ ಮೊಬೈಲ್ ಹಿಡಿದು ನಿಂತಿದ್ದ. ತೆರೆಯ ಮೇಲೆ ಸರ್ವೇ ನಂಬರುಗಳ ಗೆರೆ, ನಡುವೆ ಒಂದು ನೀಲಿ ಚುಕ್ಕೆ, ಚುಕ್ಕೆಯ ಸುತ್ತ ತಿಳಿನೀಲಿ ವರ್ತುಲ. ಚುಕ್ಕೆ ಮಾತ್ರ ಪಕ್ಕದ ಹಿಸ್ಸಾದಲ್ಲಿ ಹೋಗಿ ಕೂತಿತ್ತು.

“ಕಾಕಾರ, ಒಳಗ ಹೋಗಿ ನಿಲ್ಲಬೇಕ್ರಿ. ಇಲ್ಲಂದ್ರ ಇದು ಫೋಟೋ ತಗೊಳ್ಳಾಕ ಬಿಡಂಗಿಲ್ಲ.”

“ನಾವು ನಿಂತಿದ್ದು ನಮ್ಮ ಹೊಲದಾಗ ಐತಲ್ಲೋ ತಮ್ಮಾ! ನಲವತ್ತ ವರ್ಷದಿಂದ ಈ ಬದುವಿನ ಹುಲ್ಲ ನಾನ ಕೊಯ್ಯಾಕತ್ತೇನಿ.”

ಇಬ್ಬರ ಮಾತೂ ಸರಿಯಾಗಿತ್ತು. ಹುಡುಗ ಅಂಗಿಯ ತೋಳು ಇಳಿಸಿಕೊಂಡ, ಟವೆಲನ್ನು ಮುಖಕ್ಕೆ ಸುತ್ತಿಕೊಂಡ, ಸಾಲು ಹಿಡಿದು ಹದಿನೈದು ಹೆಜ್ಜೆ ಒಳಗೆ ನಡೆದ. ಅಲ್ಲಿ ಆಕಾಶ ಒಂದು ಚೂರೇ ಕಾಣುತ್ತದೆ. ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿದು ಕಾದ. ವರ್ತುಲ ನಿಧಾನಕ್ಕೆ ಕುಗ್ಗಿತು, ಚುಕ್ಕೆ ಗೆರೆ ದಾಟಿ ಒಳಗೆ ಬಂತು. ಫೋಟೋ ಬಿತ್ತು. ಹೊರಗೆ ಬಂದಾಗ ಅವನ ಮುಂಗೈ ತುಂಬ ಕೆಂಪು ಗೀರು. ಕಾಕಾ ಏನೂ ಅನ್ನದೆ ಚರಿಗೆಯ ನೀರು ಮುಂದೆ ಮಾಡಿದ.

ಅಂದಿನಿಂದ ಆ ವರ್ತುಲ ನನ್ನ ತಲೆಯಲ್ಲಿ ಕೂತಿದೆ. ನಮ್ಮ ಕಡೆಯ ಮೋಜಣಿ ಸರಪಳಿ 33 ಅಡಿಯದು, ಅದಕ್ಕೆ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ಒಂದು ಆಣೆ ಎಂದರೆ ಎರಡು ಅಡಿಗಿಂತ ಒಂದು ಕೂದಲು ಹೆಚ್ಚು. ಬಯಲಲ್ಲಿ, ತೆರೆದ ಆಕಾಶದ ಕೆಳಗೂ ಸಾಮಾನ್ಯ ಮೊಬೈಲು ಐದು ಮೀಟರಿನಷ್ಟು ಆಚೀಚೆ ತೋರಿಸುವುದುಂಟು. ಐದು ಮೀಟರೆಂದರೆ ಹದಿನಾರು ಅಡಿ, ಅಂದರೆ ಸರಪಳಿಯಲ್ಲಿ ಎಂಟಾಣೆ. ಅರ್ಧ ಸರಪಳಿಯ ಅಂತರ! ಕಾಕಾನ ಕಾಲಿಗೆ ಗೊತ್ತಿದ್ದ ಹೊಲಕ್ಕೂ ಮೊಬೈಲಿಗೆ ಕಂಡ ಹೊಲಕ್ಕೂ ನಡುವೆ ಇದ್ದದ್ದು ಇಷ್ಟೇ.

ಆ ಸರಪಳಿಯ ಕಥೆಯೂ ಸಣ್ಣದಲ್ಲ. ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಸೀಮೆಯಲ್ಲಿತ್ತು. ವಿಂಗೇಟ್, ಗೋಲ್ಡ್‌ಸ್ಮಿಡ್ ಎಂಬ ಇಬ್ಬರು 1830ರ ದಶಕದಲ್ಲಿ ಪುಣೆ ಸೀಮೆಯ ಇಂದಾಪುರದಲ್ಲಿ ಶುರು ಮಾಡಿದ ಅಳತೆಯ ಪದ್ಧತಿಯೇ ನಮ್ಮ ಹೊಲಗಳಿಗೂ ಬಂತು. ಹೊಲಕ್ಕೆ ನಂಬರು, ಮೂಲೆಗೆ ಬಾಂದುಕಲ್ಲು, ಮಣ್ಣಿನ ಗುಣ ನೋಡಿ ಕಂದಾಯದ ಆಕಾರ. ಅದರ ಜೊತೆಗೇ ಮಾತೂ ಬಂತು. ಮೈಸೂರಿನವರು ಪಹಣಿ ಅನ್ನುವುದಕ್ಕೆ ನಾವು ಉತಾರ ಅನ್ನುತ್ತೇವೆ, ಅಳತೆಗೆ ಮೋಜಣಿ, ಊರಿನ ಮನೆ ಜಾಗಕ್ಕೆ ಗಾವಠಾಣ. ಮಸಾರಿಯ ಬಿಸಿಲಲ್ಲಿ ಕಬ್ಬಿಣದ ಸರಪಳಿ ಎಳೆದುಕೊಂಡು ನಡೆದ ಆ ಜನರ ಗೆರೆಗಳೇ ಇವತ್ತು ಹುಡುಗನ ಮೊಬೈಲಿನೊಳಗೆ ಮಿನುಗುತ್ತಿವೆ. ಹಳೆಯ ನಕಾಶೆಯನ್ನು ಉಪಗ್ರಹದ ಚಿತ್ರದ ಮೇಲೆ ಹೊಂದಿಸಿ ಕೂರಿಸಿದ್ದಾರೆ. ಹೊಂದಿಸುವಾಗ ಗೆರೆಯೂ ಅಲ್ಲಲ್ಲಿ ತುಸು ಸರಿದಿರುತ್ತದೆ. ಚುಕ್ಕೆಯ ತಪ್ಪು ಒಂದು, ಗೆರೆಯ ತಪ್ಪು ಇನ್ನೊಂದು.

ಮೊಬೈಲಿನ ಚುಕ್ಕೆ ಇಷ್ಟು ಹತ್ತಿರ ಬಂದದ್ದೂ ಈಚೆಗೇ. 2000ದ ಮೇ ತಿಂಗಳವರೆಗೆ ಅಮೆರಿಕ ತನ್ನ ಜಿಪಿಎಸ್ ಸಂಕೇತವನ್ನು ನಾಗರಿಕರಿಗೆ ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ಆಗ ನೂರು ಮೀಟರು ತಪ್ಪುವುದು ದೊಡ್ಡದಲ್ಲ, ಕಾಕಾನ ಕಬ್ಬು ಹಳ್ಳದ ಆಚೆ ಬೀಳುತ್ತಿತ್ತು. ಈಗ ನಮ್ಮದೇ ನಾವಿಕ್ ಉಪಗ್ರಹಗಳಿವೆ. ಅವುಗಳ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ 2013ರಲ್ಲಿ ತೆರೆಯಿತು. ಕೆಲವು ಹೊಸ ಮೊಬೈಲುಗಳು ಎರಡೆರಡು ತರಂಗದಲ್ಲಿ ಸಂಕೇತ ಹಿಡಿಯುವುದರಿಂದ ಮರದ ಕೆಳಗೆ, ಗೋಡೆಯ ಮಗ್ಗುಲಿಗೆ ಮೊದಲಿನಷ್ಟು ಗಲಿಬಿಲಿಯಾಗುವುದಿಲ್ಲ.

ಹೊಲದಲ್ಲಿ ಮಾಹಿತಿ ಬರೆದುಕೊಳ್ಳುವ ಆ್ಯಪುಗಳೂ ಬೆಳೆದಿವೆ. ಕ್ಯೂಫೀಲ್ಡ್ ಎಂಬುದೊಂದಿದೆ. ಸ್ವಿಟ್ಜರ್ಲೆಂಡಿನವರು ಮಾಡಿದ್ದು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ನೆಟ್‌ವರ್ಕ್ ಇಲ್ಲದ ಕಡೆಯೂ ನಕಾಶೆ ತೆರೆಯುತ್ತದೆ. ಬರೆದದ್ದು ಮೊಬೈಲಿನಲ್ಲೇ ಉಳಿದು, ಊರಿಗೆ ಬಂದ ಮೇಲೆ ಕಚೇರಿಗೆ ಸೇರುತ್ತದೆ. ಒಂದೇ ಜಾಗದಲ್ಲಿ ನಿಂತು ಹತ್ತಿಪ್ಪತ್ತು ಸಲ ಸ್ಥಳ ಹಿಡಿದು ಅದರ ಸರಾಸರಿ ತೆಗೆಯುವ ಏರ್ಪಾಡಿದೆ. ತಪ್ಪು ಎಷ್ಟಿದೆಯೆಂದು ಬಣ್ಣದಲ್ಲಿ ತೋರಿಸುತ್ತದೆ, ಫೋಟೋದ ಜೊತೆ ಮಾತನ್ನೂ ಧ್ವನಿಯಲ್ಲೇ ಇಡಬಹುದು. ನನಗೆ ಇವುಗಳಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ತಪ್ಪನ್ನು ತೋರಿಸುವ ಗುಣ. ನಾನು ಇಷ್ಟು ಆಚೀಚೆ ಇದ್ದೇನೆ ಎಂದು ತಾನೇ ಹೇಳುವ ಅಳತೆಗೋಲು ಹಿಂದೆ ಇರಲಿಲ್ಲ. ಸರಪಳಿ ಜಗ್ಗಿ ಉದ್ದವಾಗಿದ್ದರೆ ಅದು ಯಾರಿಗೂ ಹೇಳುತ್ತಿರಲಿಲ್ಲ.

ಧ್ವನಿ ಎಂದಾಗ ಇನ್ನೊಂದು ನೆನಪಾಯಿತು. ನಂಬರು ಕಾಗದಕ್ಕೆ, ಹೆಸರು ಬಾಯಿಗೆ. ನಮ್ಮ ಮನೆಯಲ್ಲಿ ಯಾರೂ ಸರ್ವೇ ನಂಬರು ಹೇಳಿ ಬುತ್ತಿ ಕಳಿಸಿದ್ದಿಲ್ಲ. ಮಡ್ಡಿ ಹೊಲ, ಹಳ್ಳದ ಪಟ್ಟಿ, ಬೇವಿನ ಗಿಡದ ಹೊಲ, ಹಾಳಬಾವಿ ತೋಟ. ಬೇವಿನ ಗಿಡ ಬಿದ್ದು ಎಷ್ಟೋ ವರ್ಷವಾಯಿತು, ಹೆಸರು ಉಳಿದಿದೆ. ಹಿಡಕಲ್ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹೊಲಗಳ ಹೆಸರನ್ನು ಮುದುಕರು ಈಗಲೂ ಹೇಳುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲ ದೇವರ ಗುಡಿ ಕಾಣಿಸಿಕೊಳ್ಳುತ್ತದೆ, ಅದರ ಸುತ್ತಲಿನ ಹೊಲದ ಬದು ಕಾಣಿಸುವುದಿಲ್ಲ. ಅವು ಇರುವುದು ಆ ಮುದುಕರ ಬಾಯಲ್ಲಿ ಮಾತ್ರ. ಬೆಳೆ, ನೀರಾವರಿ, ಫೋಟೋ ಎಂದು ಮನೆ ಮಾಡಿಟ್ಟಿರುವ ಸಮೀಕ್ಷೆಯ ಫಾರ್ಮಿನಲ್ಲಿ ಹೊಲದ ಹೆಸರಿಗೂ ಒಂದು ಮನೆ ಇರಬೇಕು, ರೈತನ ಬಾಯಿಂದಲೇ ಅದನ್ನು ತುಂಬಿಸಿಕೊಳ್ಳಬೇಕು. ಮಾಡುವವರಿಗೆ ಇದು ಒಂದು ದಿನದ ಕೆಲಸವೂ ಅಲ್ಲ.

ಬದುವಿನ ಮಾತಿಗೆ ಮರಳುತ್ತೇನೆ. ದಿಶಾಂಕ್ ಆ್ಯಪು ಬಂದ ಮೇಲೆ ಯಾರು ಬೇಕಾದರೂ ಹೊಲದಲ್ಲಿ ನಿಂತು ತಾನಿರುವ ಸರ್ವೇ ನಂಬರು ನೋಡಬಹುದು. ಜಮೀನು ಕೊಳ್ಳುವವನಿಗೆ ಅದು ಬಹಳ ಒಳ್ಳೆಯದು. ತೋರಿಸಿದ ಹೊಲ ಒಂದು, ಬರೆದುಕೊಟ್ಟ ನಂಬರು ಇನ್ನೊಂದು ಆಗುವ ಮೋಸ ತಪ್ಪುತ್ತದೆ. ಆದರೆ ಅದೇ ಚುಕ್ಕೆ ನೋಡಿ ಬದು ಒಡೆಯಲು ಸಲಿಕೆ ಎತ್ತಿದ ಅಣ್ಣತಮ್ಮಂದಿರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಂಟಾಣೆ ತಪ್ಪುವ ಯಂತ್ರವನ್ನು ನಂಬಿ ಎರಡಾಣೆಯ ಜಗಳ! ಬದು ಗೊತ್ತು ಮಾಡಲು ಹದ್ದುಬಸ್ತಿಗೆ ಅರ್ಜಿ ಕೊಡಬೇಕು, ಮೋಜಣಿದಾರ ಬರಬೇಕು. ಈಗ ಅವರ ಕೈಗೆ ರೋವರ್ ಬಂದಿದೆ. ಅದು ನೆಲದ ಮೇಲಿನ ನಿಲ್ದಾಣದಿಂದ ತಿದ್ದುಪಡಿ ಪಡೆದು ಕೆಲವೇ ಸೆಂಟಿಮೀಟರಿನಷ್ಟು ಕರಾರುವಾಕ್ಕಾಗಿ ಅಳೆಯುತ್ತದೆ. ಕಿಸೆಯ ಮೊಬೈಲು ಆ ಕೆಲಸಕ್ಕಲ್ಲ.

ಅದು ಇರುವುದು ಹೊಲದಲ್ಲಿ ಏನು ನಿಂತಿದೆ ಎಂದು ಹೇಳಲು. ಆ ಕೆಲಸವೂ ದೊಡ್ಡದೇ. ಉತಾರದ ಬೆಳೆ ಕಾಲಂ ತುಂಬುವುದು ಆ ಫೋಟೋದಿಂದ. ಬೆಳೆ ವಿಮೆ, ಬರ ಪರಿಹಾರ, ಬೆಂಬಲ ಬೆಲೆಯ ಖರೀದಿ ಎಲ್ಲಕ್ಕೂ ಅದನ್ನೇ ನೋಡುತ್ತಾರೆ. ಸೋಯಾಬೀನ್ ಇದ್ದಲ್ಲಿ ಕಬ್ಬು ಎಂದು ಬಿದ್ದರೆ ಪೆಟ್ಟು ತಿನ್ನುವವನು ರೈತ.

ಆದ್ದರಿಂದ ಈ ಮುಂಗಾರಿಗೆ ಸಮೀಕ್ಷೆಯ ಹುಡುಗ ಬಂದಾಗ ಅವನ ಜೊತೆ ಹೊಲದೊಳಗೆ ಹೋಗಿ. ಅವನಿಗೆ ಕುಡಿಯಲು ನೀರು ಕೊಡಿ. ಅಕ್ಕಡಿ ಸಾಲಿನಲ್ಲಿ ತೊಗರಿ ಇದ್ದರೆ ತೋರಿಸಿ ಅದನ್ನೂ ಬರೆಸಿ. ಆಮೇಲೆ ಬೆಳೆ ದರ್ಶಕ್ ಆ್ಯಪಿನಲ್ಲಿ ನಿಮ್ಮ ನಂಬರು ತೆರೆದು ಯಾವ ಬೆಳೆ ಬಿದ್ದಿದೆ ನೋಡಿ, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿ, ಅದರ ಅವಧಿ ಮುಗಿಯುವ ಮುಂಚೆ.