ಹತ್ತಲು ಎರಡು ಕೀ, ಇಳಿಯಲು ಒಂದೇ

ಈ ಸಲದ ದಸರಾ ರಜೆಗೆ ಲಡಾಖಿಗೆ ಹೋಗಿ ನಡೆಯಬೇಕೆಂದು ನಮ್ಮ ಮನೆಯಲ್ಲಿ ಮೂವರು ತಯಾರಿ ನಡೆಸಿದ್ದೇವೆ. 72 ವರ್ಷದ ನಾನು, ನನ್ನ ಮಗ ಮತ್ತು ಎಂಟನೇ ತರಗತಿಯ ಮೊಮ್ಮಗಳು ಪುಟ್ಟಿ. "ಮೈಸೂರಿನವರಾಗಿ ಜಂಬೂ ಸವಾರಿ ಬಿಟ್ಟು ಹೊರಟಿದ್ದೀರಲ್ಲ, ನಿಮಗೆ ಏನು ಹೇಳೋದು!" ಎಂದು ನನ್ನಾಕೆ ಒಂದು ತಿಂಗಳಿಂದ ಗೊಣಗುತ್ತಿದ್ದಾಳೆ. ಬೇಸಿಗೆ ರಜೆಯಲ್ಲಿ ಹೋಗೋಣವೆಂದರೆ ಆಗ ಅಲ್ಲಿನ ಎತ್ತರದ ದಾರಿಗಳಲ್ಲಿ ಇನ್ನೂ ಹಿಮವಿರುತ್ತದೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಡೆಯಲು ಒಳ್ಳೆಯ ಕಾಲ. ಸೆಪ್ಟೆಂಬರ್ ಕೊನೆಗೆ ರಾತ್ರಿಗಳು ಕೊರೆಯುತ್ತವೆ, ಮೇಲಿನ ಬಿಡಾರಗಳಲ್ಲಿ ಬಾಟಲಿಯ ನೀರೂ ಗಟ್ಟಿಯಾಗಬಹುದು. ಅದಕ್ಕೆ ಬೇಕಾದ ಬಟ್ಟೆ ಹೊಂದಿಸಿಕೊಳ್ಳಬೇಕು, ಅಷ್ಟೆ.

ನಾವು ಆರಿಸಿಕೊಂಡದ್ದು ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗಿನ ಮಾರ್ಖಾ ಕಣಿವೆಯನ್ನು. 1981ರಲ್ಲಿ ಸ್ಥಾಪನೆಯಾದ ಈ ಉದ್ಯಾನದ ವಿಸ್ತೀರ್ಣ ಸುಮಾರು 4,400 ಚದರ ಕಿಲೋಮೀಟರ್. ದೇಶದ ರಾಷ್ಟ್ರೀಯ ಉದ್ಯಾನಗಳಲ್ಲೆಲ್ಲ ಇದೇ ದೊಡ್ಡದು. ನಮ್ಮ ಬಂಡೀಪುರದ ಉದ್ಯಾನದಂಥವು ಐದು ಸೇರಿದರೆ ಎಷ್ಟಾಗುತ್ತದೋ ಹೆಚ್ಚುಕಡಿಮೆ ಅಷ್ಟು. ಆದರೆ ಬಂಡೀಪುರದ ಹಾಗೆ ಮರಗಳನ್ನು ಹುಡುಕಬೇಡಿ. ಬೋಳು ಬೆಟ್ಟ, ಕಲ್ಲು, ತಣ್ಣನೆಯ ಹೊಳೆ, ಹೊಳೆಯ ಪಕ್ಕದಲ್ಲಿ ಬಾರ್ಲಿ ಹೊಲವಿರುವ ಪುಟ್ಟ ಹಳ್ಳಿಗಳು, ಇಷ್ಟೇ.

"ತಾತ, ಹಿಮಚಿರತೆ ಸಿಗುತ್ತಾ?" ಇದು ಪುಟ್ಟಿಯ ಮೊದಲ ಪ್ರಶ್ನೆ. ಸಿಗುವುದು ಕಷ್ಟ ಎಂದೇ ಹೇಳಿದೆ. ಹಿಮ ಕರಗಿದ ಮೇಲೆ ಭರಲ್ ಎಂಬ ನೀಲಿ ಕುರಿಗಳು ಮೇಲಿನ ಹುಲ್ಲುಗಾವಲಿಗೆ ಹತ್ತುತ್ತವೆ, ಅವುಗಳ ಹಿಂದೆ ಚಿರತೆಯೂ ಹತ್ತುತ್ತದೆ. ಚಳಿಗಾಲದಲ್ಲಿ ಅವು ಕೆಳಗಿಳಿದಾಗಲೇ ಕಾಣುವ ಸಾಧ್ಯತೆ ಹೆಚ್ಚು. ನಮಗೆ ಭರಲ್ ಹಿಂಡು, ಬಿಲದಿಂದ ಇಣುಕುವ ಮಾರ್ಮಟ್, ಇಲಿಯಂತೆ ಕಂಡರೂ ಮೊಲದ ಬಂಧುವಾದ ಪೀಕಾ ಇವೆಲ್ಲ ಸಿಕ್ಕರೆ ಅದೃಷ್ಟ. ರಾತ್ರಿ ತಂಗುವುದು ಹೆಚ್ಚಾಗಿ ಹಳ್ಳಿಯವರ ಮನೆಗಳಲ್ಲೇ. ಹಿಂದೆ ಹಿಮಚಿರತೆ ಕೊಟ್ಟಿಗೆಗೆ ನುಗ್ಗಿದರೆ ಒಂದೇ ರಾತ್ರಿಯಲ್ಲಿ ಹಲವು ಕುರಿಗಳನ್ನು ಕೊಲ್ಲುತ್ತಿತ್ತು, ಹಳ್ಳಿಯವರು ಸಿಟ್ಟಿನಲ್ಲಿ ಅದನ್ನು ಕೊಲ್ಲುತ್ತಿದ್ದರು. ಸ್ನೋ ಲೆಪರ್ಡ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಹಳ್ಳಿಯವರ ಜತೆ ಸೇರಿ ಕೊಟ್ಟಿಗೆಗಳ ಮೇಲೆ ತಂತಿಬಲೆ ಹಾಕಿಸಿತು, ಮನೆಗಳಲ್ಲಿ ಪ್ರವಾಸಿಗರನ್ನು ಉಳಿಸಿಕೊಂಡು ಸಂಪಾದಿಸುವ ವ್ಯವಸ್ಥೆಗೆ ನೆರವಾಯಿತು. ನಾವು ಕೊಡುವ ಊಟ ವಸತಿಯ ಹಣದಲ್ಲಿ ಚಿರತೆಗೂ ಒಂದು ಪಾಲಿದೆ ಎಂದಾಗ ಪುಟ್ಟಿ ಸಮಾಧಾನಗೊಂಡಳು.

ನಿಜವಾದ ತಲೆಬಿಸಿ ಎತ್ತರದ್ದು. ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಲೇಹ್ ಪಟ್ಟಣವೇ 3,500 ಮೀಟರ್ ಮೇಲಿದೆ. ನಾವು ದಾಟಬೇಕಾದ ಕೊಂಗ್ಮಾರು ಲಾ ಸುಮಾರು 5,200 ಮೀಟರ್. ಲಾ ಎಂದರೆ ಬೆಟ್ಟ ದಾಟುವ ದಾರಿ, ನಮ್ಮ ಕಡೆಯ ಘಾಟಿ ಇದ್ದ ಹಾಗೆ. ಅಲ್ಲಿ ಗಾಳಿ ಎಷ್ಟು ತೆಳುವೆಂದರೆ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ನಿಧಾನವಾಗಿ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗುವ ಜಾಗ ನಿನ್ನೆ ಮಲಗಿದ್ದಕ್ಕಿಂತ 500 ಮೀಟರಿಗಿಂತ ಹೆಚ್ಚು ಎತ್ತರದಲ್ಲಿರಬಾರದು ಎಂಬುದು ವೈದ್ಯರು ಹೇಳುವ ಲೆಕ್ಕ.

ಲೆಕ್ಕವೆಂದ ಮೇಲೆ ನನ್ನ ಕೈ ಸುಮ್ಮನಿರುತ್ತದೆಯೇ? ಹಳೆಯ ರೂಲ್ ಪುಸ್ತಕ ತೆಗೆದು ಆರಂಭದ ಶಿಲ್ಕು, ಕೊನೆಯ ಶಿಲ್ಕು ಎಂದು ಗೆರೆ ಎಳೆದೆ. ಲೇಹ್‌ನಲ್ಲಿ ಮೂರು ರಾತ್ರಿ ಸುಮ್ಮನೆ ವಿಶ್ರಾಂತಿ. ಆಮೇಲೆ ಸ್ಕಿಯು, ಸುಮಾರು 3,400. ಮಾರ್ಖಾ ಹಳ್ಳಿ 3,800. ಹಂಕರ್ 4,000. ನಿಮಾಲಿಂಗ್ 4,750. ಇಲ್ಲಿ ಪೆನ್ನು ನಿಂತಿತು. ಒಂದೇ ದಿನ 750 ಮೀಟರ್! ನಾವು ನೋಡಿದ ವೇಳಾಪಟ್ಟಿಯಲ್ಲಿ ಹಾಗೇ ಇತ್ತು. ಹಂಕರ್ ಮತ್ತು ನಿಮಾಲಿಂಗ್ ನಡುವೆ ಥಾಚುಂಗ್‌ತ್ಸೆ ಎಂಬ ಬಿಡಾರದ ಜಾಗವಿದೆ, ಸುಮಾರು 4,250. ಅಲ್ಲಿ ಒಂದು ರಾತ್ರಿ, ನಿಮಾಲಿಂಗಿನಲ್ಲಿ ಎರಡು ರಾತ್ರಿ ಸೇರಿಸಿದೆವು. ಎರಡು ದಿನದ ಖರ್ಚು ಹೆಚ್ಚಾಯಿತು, ಆದರೆ ಲೆಕ್ಕ ತಾಳೆಯಾಯಿತು.

"ನಾನು ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತೇನೆ ಡಾಕ್ಟ್ರೇ" ಎಂದು ನಮ್ಮ ವೈದ್ಯರ ಮುಂದೆ ಹೇಳಿಕೊಂಡೆ. ಅವರು ನಕ್ಕರು. "ಹತ್ತಿ, ಕಾಲಿಗೆ, ಎದೆಗೆ ಒಳ್ಳೇದು. ಆದ್ರೆ ಎತ್ತರದ ಕಾಯಿಲೆ ಕಾಲಿನ ಬಲ ನೋಡಿ ಬರಲ್ಲ. ನಿಮಗೂ ಬರಬಹುದು, ಮೊಮ್ಮಗಳಿಗೂ ಬರಬಹುದು" ಎಂದರು. ತಲೆನೋವು, ವಾಕರಿಕೆ, ತಲೆಸುತ್ತು, ನಿದ್ದೆ ಬಾರದಿರುವುದು ಅದರ ಆರಂಭ. ಕಡೆಗಣಿಸಿ ಮೇಲೇರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು. ಆಗ ಮೊದಲ ಚಿಕಿತ್ಸೆ ಕೆಳಗಿಳಿಯುವುದೇ. ನಿಮಾಲಿಂಗಿನಲ್ಲಿ ಹುಷಾರು ತಪ್ಪಿದರೆ ಲಾ ದಾಟಿ ಆಚೆ ಇಳಿದರಾಯಿತು ಎನ್ನುವಂತಿಲ್ಲ. ಆಚೆ ಇಳಿಯಲು ಮೊದಲು ಇನ್ನೂ 450 ಮೀಟರ್ ಹತ್ತಬೇಕು. ಬಂದ ದಾರಿಯಲ್ಲೇ ವಾಪಸು ಹಂಕರಿಗೆ ಇಳಿಯಬೇಕು. ಅದಕ್ಕಾಗಿ ಸಾಮಾನು ಹೊರುವ ಕುದುರೆಗಳ ಜತೆ ಕೂರಲು ಒಂದು ಕುದುರೆಯನ್ನೂ ಗೊತ್ತುಮಾಡಬೇಕೆಂದು ಬರೆದುಕೊಂಡೆವು.

ಆದರೆ ಇಳಿಯಬೇಕು ಎಂದು ತೀರ್ಮಾನಿಸುವವರು ಯಾರು? ಬ್ಯಾಂಕಿನಲ್ಲಿ ನಾನು ಹೆಡ್ ಕ್ಯಾಷಿಯರ್ ಆಗಿದ್ದಾಗ ಭದ್ರತಾ ಕೊಠಡಿಗೆ ಎರಡು ಕೀ. ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ನನ್ನ ಹತ್ತಿರ. ಇಬ್ಬರೂ ಇದ್ದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಒಬ್ಬರು ಎಷ್ಟೇ ದೊಡ್ಡವರಾದರೂ ಒಂದೇ ಕೀ ಸಾಲದು. ಅದೇ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದೆ. ಪ್ರತಿ ಬೆಳಿಗ್ಗೆ ಮೇಲೆ ಹತ್ತಬೇಕಾದರೆ ತಾತ, ಮೊಮ್ಮಗಳು ಇಬ್ಬರ ಕೀಯೂ ಬೇಕು. ಇಳಿಯಲು ಯಾರಾದರೂ ಒಬ್ಬರ ಕೀ ಸಾಕು, ವಾದ ಮಾಡುವಂತಿಲ್ಲ. ತಲೆನೋವನ್ನು ಯಾರೂ ಮುಚ್ಚಿಡುವಂತಿಲ್ಲ. ಮಗನಿಗೆ ಹುಷಾರು ತಪ್ಪಿದರೂ ಇದೇ ನಿಯಮ.

ಪುಟ್ಟಿ ಓದಿದಳು. "ಅಂದ್ರೆ ನಿಮಗೆ ತಲೆನೋವು ಬಂದ್ರೆ, ನಾನು ಚೆನ್ನಾಗಿದ್ರೂ ಇಳೀಬೇಕಾ ತಾತ?"

"ಹೌದಮ್ಮ. ನಿನಗೆ ಬಂದರೆ ನಾನೂ ಇಳೀಬೇಕು. ನನಗೆ ಇನ್ನೊಂದು ಸಲ ಹೋಗೋ ವಯಸ್ಸಿಲ್ಲ."

ಅವಳು ಸಹಿ ಹಾಕಲಿಲ್ಲ, ಹಾಳೆ ತೆಗೆದುಕೊಂಡು ಹೋದಳು. ಮಾರನೆಯ ದಿನ ಸಂಜೆ ತಂದುಕೊಟ್ಟಾಗ ಕೆಳಗೆ ಅವಳದೇ ಒಂದು ಷರತ್ತು ಇತ್ತು: 'ಇಳಿದ ಮೇಲೆ, ನಿನ್ನಿಂದ ಇಷ್ಟು ದುಡ್ಡು ಹೋಯಿತು ಅಂತ ಯಾರೂ ಯಾರಿಗೂ ಯಾವತ್ತೂ ಹೇಳಬಾರದು.' ಅದರ ಕೆಳಗೆ ಸಹಿ. ಬೈಗುಳದ ಭಯಕ್ಕೆ ನೋವು ಮುಚ್ಚಿಡುವ ಮಕ್ಕಳೆಷ್ಟೋ! ನನಗೆ ಹೊಳೆಯದ ನಿಯಮ ಅದು. ನಾನೂ ನನ್ನ ಮಗನೂ ಕೂಡಲೇ ಸಹಿ ಹಾಕಿದೆವು.

ನನ್ನಾಕೆಗೆ ಬೇರೆಯೇ ಒಂದು ಪಟ್ಟಿ ಮಾಡಿದ್ದೇನೆ. ಕಣಿವೆಯ ಹೆಚ್ಚಿನ ಕಡೆ ಫೋನ್ ಸಿಗುವುದಿಲ್ಲ. ಯಾವ ದಿನ ಎಲ್ಲಿರುತ್ತೇವೆ, ಎಷ್ಟು ದಿನ ಫೋನ್ ಬರದಿದ್ದರೆ ಗಾಬರಿ ಬೇಡ, ಯಾವ ದಿನ ದಾಟಿದರೆ ಯಾರನ್ನು ಕೇಳಬೇಕು ಎಲ್ಲ ಅದರಲ್ಲಿದೆ. ಅವಳು ಎರಡೂ ಹಾಳೆ ಓದಿ, "ಮೇಲೆ ಹತ್ತೋಕೆ ಎರಡು ಕೀ ಸರಿ. ಮನೆ ಬಿಟ್ಟು ಹೊರಡೋಕೆ ನನ್ನ ಕೀ ಬೇಡ್ವೇನ್ರೀ?" ಎಂದಳು. ನನ್ನ ಟ್ರೆಡ್‌ಮಿಲ್ ಪರೀಕ್ಷೆಯ ವರದಿ ಬರುವವರೆಗೆ ಅವಳು ಸಹಿ ಹಾಕುವುದಿಲ್ಲವಂತೆ. ನ್ಯಾಯವೇ. ಟಿಕೆಟ್ ಇನ್ನೂ ತೆಗೆದಿಲ್ಲ.

ವರದಿ ಸೋಮವಾರ ಬರುತ್ತದೆ. ಸರಿಯಿಲ್ಲದಿದ್ದರೆ ಅಪ್ಪ ಮಗಳು ಹೋಗಿಬರುತ್ತಾರೆ, ನನ್ನ ಕೀ ಮಗನ ಕೈಗೆ ಹೋಗುತ್ತದೆ. ಬ್ಯಾಂಕಿನಲ್ಲಿ ಕೀ ಹಸ್ತಾಂತರಕ್ಕೂ ಒಂದು ರಿಜಿಸ್ಟರ್ ಇರುತ್ತಿತ್ತು. ಈ ಹಾಳೆಯಲ್ಲೂ ಅದಕ್ಕೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.