ಕುಡಿಯುವವರ ಮ್ಯೂಜಿಯಂ

ಕಾಫಿಗೆ ಚಿಕ್ಕಮಗಳೂರಿನಲ್ಲಿ ಕಾಫಿ ಬೋರ್ಡಿನವರ ಮ್ಯೂಜಿಯಂ ಇದೆ, ಚಹಾಕ್ಕೆ ಮುನ್ನಾರಿನಲ್ಲಿದೆ. ಎರಡೂ ಬೆಳೆಯುವವರ ಊರು. ಲಂಡನ್ನಿನಲ್ಲಿ ಎಡ್ವರ್ಡ್ ಬ್ರಾಮಾ ಎಂಬ ಚಹಾದ ಪಂಡಿತ 1992ರಲ್ಲಿ ಎರಡನ್ನೂ ಒಂದೇ ಸೂರಿನಡಿ ತಂದು ಕೆಟಲು, ಕಪ್ಪು, ಕಾಫಿ ಯಂತ್ರಗಳನ್ನೆಲ್ಲ ಜೋಡಿಸಿಟ್ಟ. 2008ರಲ್ಲಿ ಆತ ತೀರಿಕೊಂಡ, ಮ್ಯೂಜಿಯಮ್ಮೂ ಬಾಗಿಲು ಹಾಕಿತು. ಆ ಖಾಲಿ ಜಾಗವನ್ನು ತುಂಬಲು ಸಾಂಗ್ಲಿ ಜಿಲ್ಲೆಯ ನಮ್ಮ ಜತ್ತ ತಾಲ್ಲೂಕಿಗಿಂತ ಯೋಗ್ಯ ಸ್ಥಳ ನನಗಂತೂ ಕಾಣುವುದಿಲ್ಲ. ಇಲ್ಲಿ ಚಹಾದ ಎಲೆಯಿಲ್ಲ, ಕಾಫಿಯ ಬೀಜವಿಲ್ಲ, ಬಹಳಷ್ಟು ವರ್ಷ ಮಳೆಯೂ ಇಲ್ಲ. ಕುಡಿಯುವವರು ಮಾತ್ರ ಬೇಕಾದಷ್ಟಿದ್ದಾರೆ.

ಮೊದಲ ಕಪಾಟಿನಲ್ಲಿ ಬಸಿ. ನಮ್ಮಜ್ಜ ಕಪ್ಪನ್ನು ಬರೀ ಸಾಗಾಣಿಕೆಯ ಸಾಧನವೆಂದು ಬಗೆದಿದ್ದ. ಬಸಿಗೆ ಸುರುವಿ, ಐದೂ ಬೆರಳ ತುದಿಯ ಮೇಲೆ ಅದನ್ನು ನಿಲ್ಲಿಸಿ, ಮೀಸೆ ತೋಯದ ಹಾಗೆ ಒಮ್ಮೆ ಊದಿ, ಸೊರ್ರನೆ ಎಳೆಯುತ್ತಿದ್ದ. ಪಡಸಾಲೆಯ ಆ ಸದ್ದು ಅಡುಗೆಮನೆಗೆ ಕೇಳಿಸಿದರೆ ಚಹಾ ಕುದಿ ಬಂದದ್ದು ಸರಿಯಾಗಿದೆ ಎಂದರ್ಥ. ಈಗ ಹೋಟೆಲುಗಳಲ್ಲಿ ಹೆಬ್ಬೆರಳು ಗಾತ್ರದ ಕಾಗದದ ಕಪ್ಪು. ಅದರಲ್ಲಿ ಸೊರ್ರೆನ್ನುವಷ್ಟು ಚಹಾವೇ ಇರುವುದಿಲ್ಲ.

ಪಕ್ಕದಲ್ಲೇ ಇನ್ನೊಂದು ಕಪ್ಪಿಡಬೇಕು. ಒಂದು ಕಾಲಕ್ಕೆ ನಮ್ಮ ಸೀಮೆಯ ಹೋಟೆಲುಗಳ ಹೊರಗೋಡೆಯ ಮೊಳೆಗೆ ತೂಗುತ್ತಿದ್ದ, ಕುಡಿದವರೇ ತೊಳೆದಿಡಬೇಕಾಗಿದ್ದ ಕಪ್ಪು. ಅದನ್ನು ಬಿಟ್ಟು ಬಸಿಯೊಂದನ್ನೇ ಇಟ್ಟರೆ ಮ್ಯೂಜಿಯಂ ಸುಳ್ಳು ಹೇಳಿದಂತೆ.

ಚಹಾದ ಚಟ ನಮಗೆ ತಾನಾಗಿ ಹತ್ತಿದ್ದಲ್ಲ. ಬ್ರಿಟಿಷರ ಕಾಲದಲ್ಲಿ ಚಹಾ ಮಂಡಳಿಯವರು ಸಂತೆ, ಸ್ಟೇಷನ್ನುಗಳಲ್ಲಿ ಕುದಿಸಿ ತೋರಿಸಿದರು, ಪುಕ್ಕಟೆ ಕುಡಿಸಿದರು, ಮಾಡುವ ಕ್ರಮವನ್ನು ದೇಶಭಾಷೆಗಳಲ್ಲಿ ಎನಾಮಲ್ ಫಲಕದ ಮೇಲೆ ಬರೆಸಿ ಹಚ್ಚಿದರು. ಹಾಲು ಕೊನೆಗೆ, ಸ್ವಲ್ಪವೇ ಎಂಬುದು ಅವರ ಪಾಠ. ನಮ್ಮವರು ಪುಕ್ಕಟೆ ಚಹಾ ಕುಡಿದು ಪಾಠ ಅಲ್ಲೇ ಬಿಟ್ಟು ಬಂದರು. ಮನೆಯಲ್ಲಿ ಹಾಲು, ಸಕ್ಕರೆ, ಶುಂಠಿ ಎಲ್ಲ ಒಟ್ಟಿಗೇ ಹಾಕಿ ಕೊತಕೊತ ಕುದಿಸಿದರು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿ ಕಾಳು ಮಾಡುವ ಯಂತ್ರ ಬಂತು. ಚಿಟಿಕೆ ಪುಡಿಗೇ ಪಾತೆಲಿ ತುಂಬ ಬಣ್ಣ. ಬಡವರ ಒಲೆಗೆ ಚಹಾ ಏರಿದ್ದು ಆ ಕಾಳಿನಿಂದ. 1972ರ ಬರದಲ್ಲಿ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಬೆಲ್ಲದ ಕರಿ ಚಹಾ ಕುಡಿದೇ ಕಲ್ಲು ಒಡೆಯಲು ಹೋಗುತ್ತಿದ್ದೆವು ಎಂದು ಅಜ್ಜಿ ಹೇಳುತ್ತಿದ್ದಳು. ಹಾಗೆ ಹೇಳಿ ನನ್ನ ಕಪ್ಪಿಗೆ ಇನ್ನೊಂದು ಚಮಚೆ ಸಕ್ಕರೆ ಹಾಕುತ್ತಿದ್ದಳು.

ಕಾಫಿಗೊಂದು ಮೂಲೆ ಸಾಕು. ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ತಂದರೆಂಬುದು ಐತಿಹ್ಯ. ಎಂಟನೆಯದು ತಂದಿದ್ದರೂ ಇತ್ತ ಕಡೆ ಬರುತ್ತಿರಲಿಲ್ಲ ಬಿಡಿ. ನಮ್ಮ ಮನೆಯಲ್ಲಿ ಕಾಫಿಪುಡಿ ತಲೆನೋವಿನ ಗುಳಿಗೆ, ಅಮೃತಾಂಜನಗಳ ಜೊತೆ ಕೂತಿರುತ್ತಿತ್ತು. ಗಡಿ ವಿವಾದಕ್ಕೆ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಾಗ ಜತ್ತದ ಕನ್ನಡ ಹಳ್ಳಿಗಳು ಮೈಸೂರು ರಾಜ್ಯಕ್ಕೆ ಸೇರಲೆಂದು ಹೇಳಿತ್ತು. ಸೇರಲಿಲ್ಲ. ಮಾತಿನ ಬದಲು ಕಪ್ಪು ಮೂಸಿ ನೋಡಿ ಗೆರೆ ಎಳೆದಿದ್ದರೆ ನಮ್ಮ ಜೊತೆ ವಿಜಯಪುರ, ಅಥಣಿಯೂ ಮಹಾರಾಷ್ಟ್ರಕ್ಕೇ ಹೋಗುತ್ತಿದ್ದವು. ಸದ್ಯ, ಆಯೋಗದವರಿಗೆ ಯಾರೂ ಆ ಉಪಾಯ ಹೇಳಲಿಲ್ಲ.

ಇನ್ನು ಕಪಾಟಿನ ಚೀಟಿ ಯಾವ ಭಾಷೆಯಲ್ಲಿ ಬರೆಯಬೇಕು? ಮರಾಠಿ ಮೇಲೋ ಕನ್ನಡ ಮೇಲೋ ಎಂಬ ಸಭೆ ಕರೆದರೆ ಮೊದಲು ಚಹಾ ಬರುತ್ತದೆ, ಎರಡೂ ಕಡೆಯವರು ಕುಡಿಯುತ್ತಾರೆ, ಸಭೆ ಮುಂದಿನ ವಾರಕ್ಕೆ ಹೋಗುತ್ತದೆ. ಟಿಕೆಟ್ಟಿನದು ಇನ್ನೂ ದೊಡ್ಡ ತೊಡಕು. ಬಾಗಿಲಿಗೆ ಬಂದವರ ಹತ್ತಿರ ರೊಕ್ಕ ಕೇಳುವುದು ನಮ್ಮಲ್ಲಿಲ್ಲ. “ಬರ್ರಿ, ಕೂಡ್ರಿ, ಚಾ ಕುಡೀರಿ” ಅನ್ನಲೇಬೇಕು. ಅವರು “ಈಗಷ್ಟೇ ಆತ್ರಿ” ಅನ್ನಬೇಕು. “ಅರ್ಧಾ ಕಪ್ಪ ತಗೋರಿ” ಅಂದರೆ ಕೂಡುತ್ತಾರೆ. ಕೂತವರು ಮಳೆ, ದ್ರಾಕ್ಷಿಯ ರೇಟು, ಮ್ಹೈಸಾಳ ನೀರಾವರಿ ಯೋಜನೆಯ ನೀರು ಎಂದು ಶುರುಮಾಡಿದರೆ ಒಳಗಿನ ಕಪಾಟು ನೋಡಲು ಏಳುವವರು ಯಾರು?